ಪಟರ್ ಮೊದಲು, ಡ್ರೈವರ್ ಆಮೇಲೆ

ಗಾಲ್ಫ್ ಕಲಿಯಲೆಂದು ಡ್ರೈವಿಂಗ್ ರೇಂಜಿಗೆ ಬಂದವರ ಕಣ್ಣು ಮೊದಲು ಬೀಳುವುದು ಡ್ರೈವರಿನ ಮೇಲೆ. ಚೀಲದಲ್ಲಿರುವ ಕ್ಲಬ್‌ಗಳಲ್ಲೆಲ್ಲ ಅದೇ ಉದ್ದ, ಅದರ ತಲೆಯೇ ದಪ್ಪ. ಬೀಸಿದಾಗ ಬರುವ ಸದ್ದಿಗೇ ಪಕ್ಕದವರು ತಿರುಗಿ ನೋಡುತ್ತಾರೆ. ಟಿ.ವಿ.ಯಲ್ಲಿ ನಾವು ನೋಡಿ ಬೆರಗಾದದ್ದೂ ಅದೇ ಹೊಡೆತವನ್ನು. ಚೆಂಡು ಆಕಾಶಕ್ಕೆ ಏರಿ, ಕ್ಯಾಮೆರಾಕ್ಕೂ ಸಿಗದೆ, ಇನ್ನೂರೈವತ್ತು ಮುನ್ನೂರು ಗಜ ಆಚೆ ಹಸಿರಿನ ಮೇಲೆ ಇಳಿಯುತ್ತದೆ. ಹಾಗಾಗಿ ಹೊಸಬರು ಬಕೆಟ್ ತುಂಬ ಚೆಂಡು ತಂದಿಟ್ಟುಕೊಂಡು ಡ್ರೈವರ್ ಹಿಡಿದು ನಿಂತರೆ ತಪ್ಪೆನ್ನಲಾಗದು.

ಬೆಂಗಳೂರಿನ ಒಂದು ರೇಂಜಿನಲ್ಲಿ ನಮ್ಮ ತಂಡಕ್ಕೆ ಕಲಿಸಿದ ಕೋಚ್ ಮಾತ್ರ ಮೊದಲ ದಿನ ಡ್ರೈವರನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಅವರು ಗಾಲ್ಫ್ ಕೋರ್ಸಿನ ಪಕ್ಕದ ಹಳ್ಳಿಯವರು. ಹುಡುಗನಾಗಿದ್ದಾಗಲೇ ಕ್ಯಾಡಿಯಾಗಿ ಚೀಲ ಹೊತ್ತು, ನೋಡಿ ನೋಡಿಯೇ ಆಟ ಕಲಿತು ಕೋಚ್ ಆದವರು. ನಮ್ಮ ತಂಡದಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದರು, ಸಾಫ್ಟ್‌ವೇರ್ ಕೆಲಸದ ಹುಡುಗರಿದ್ದರು, ಅಮ್ಮನ ಜೊತೆ ಬಂದಿದ್ದ ಶಾಲೆಯ ಹುಡುಗಿಯೂ ಇದ್ದಳು. ಎಲ್ಲರ ಕೈಗೂ ಚೆಂಡನ್ನು ನೆಲದ ಮೇಲೆ ಉರುಳಿಸುವ ಕ್ಲಬ್ಬಾದ ಪಟರನ್ನು ಒಂದೊಂದು ಕೊಟ್ಟು, ರೇಂಜಿನ ಪಕ್ಕದ ಪಟ್ಟಿಂಗ್ ಗ್ರೀನಿಗೆ ಕರೆದೊಯ್ದರು. ‘ಇಲ್ಲಿಂದ ಶುರು ಮಾಡೋಣ ಸಾರ್. ದೂರ ಹೊಡೆಯೋದು ಎಲ್ಲೂ ಓಡಿಹೋಗಲ್ಲ’ ಎಂದರು. ಬ್ಯಾಂಕಿನ ಹಿರಿಯರಿಗೆ ನಿರಾಸೆಯಾದದ್ದು ಮುಖದಲ್ಲೇ ಕಾಣುತ್ತಿತ್ತು.

ಕೋಚ್ ಹೇಳಿದ್ದರ ಹಿಂದೆ ಗಟ್ಟಿ ಲೆಕ್ಕವಿದೆ. ಸಾಮಾನ್ಯವಾಗಿ 18 ಹೋಲ್‌ಗಳ ಕೋರ್ಸಿನ ಪಾರ್ 72. ಎಂದರೆ ಪಳಗಿದ ಆಟಗಾರ 72 ಹೊಡೆತಗಳಲ್ಲಿ ಒಂದು ಸುತ್ತು ಮುಗಿಸಬೇಕು. ಆ ಲೆಕ್ಕ ಹಾಕುವಾಗಲೇ ಪ್ರತಿ ಹೋಲಿಗೂ ಗ್ರೀನಿನ ಮೇಲೆ ಪಟರಿನ ಎರಡು ಹೊಡೆತ, ಅಂದರೆ ಎರಡು ಪಟ್ ಎಂದು ಹಿಡಿದಿರುತ್ತಾರೆ. 18 ಹೋಲಿಗೆ 36 ಪಟ್. ಪಾರ್‌ನ ಸರಿಯಾಗಿ ಅರ್ಧ ಅದು. ಡ್ರೈವರ್ ಕೈಗೆ ಬರುವುದು ಹೆಚ್ಚೆಂದರೆ ಹದಿನಾಲ್ಕು ಸಲ, ಏಕೆಂದರೆ ಚಿಕ್ಕ ಹೋಲ್‌ಗಳಲ್ಲಿ ಅದರ ಅಗತ್ಯವೇ ಇಲ್ಲ. ಇನ್ನೂರೈವತ್ತು ಗಜದ ಡ್ರೈವ್ ಕೂಡ ಒಂದು ಹೊಡೆತ, ಅರ್ಧ ಅಡಿಯ ಪಟ್ ಕೂಡ ಒಂದು ಹೊಡೆತ. ಸ್ಕೋರ್ ಕಾರ್ಡಿನಲ್ಲಿ ಎರಡಕ್ಕೂ ಬೆಲೆ ಒಂದೇ.

ಪಟ್ಟಿಂಗ್ ಗ್ರೀನ್ ಎಂದರೆ ಹುಲ್ಲನ್ನು ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿ, ರೋಲರ್ ಹೊಡೆದು ನುಣುಪು ಮಾಡಿದ ಜಾಗ. ಅದರಲ್ಲಿರುವ ಕುಳಿಯ ಅಗಲ 108 ಮಿಲಿಮೀಟರ್. ಚೆಂಡಿನ ಅಗಲ ಕನಿಷ್ಠ 42.67 ಮಿಲಿಮೀಟರ್, ತೂಕ 45.93 ಗ್ರಾಂ ಮೀರುವಂತಿಲ್ಲ. ಎರಡು ಚೆಂಡು ಪಕ್ಕಪಕ್ಕ ಇಟ್ಟರೂ ಕುಳಿಯಲ್ಲಿ ಇನ್ನೂ ಜಾಗ ಉಳಿಯುತ್ತದೆ. ಹಾಗಿದ್ದೂ ಹತ್ತು ಅಡಿ ದೂರದಿಂದ ಪಟರಿನ ಮುಖ ಒಂದೇ ಡಿಗ್ರಿ ಓರೆಯಾದರೆ ಚೆಂಡು ಕುಳಿಯ ಅಂಚಿಗೆ ಹೋಗಿ ಮುಟ್ಟುತ್ತದೆ. ಎರಡು ಡಿಗ್ರಿ ಓರೆಯಾದರೆ ಹೊರಗೇ. ನೆಲದ ಇಳಿಜಾರು ಇದರ ಮೇಲೆ ಬೇರೆ.

ಇಷ್ಟಾದರೂ ದಿಕ್ಕಿಗಿಂತ ವೇಗವೇ ದೊಡ್ಡದು ಎಂದು ನಮ್ಮ ಕೋಚ್ ಪದೇ ಪದೇ ಹೇಳುತ್ತಿದ್ದರು. ಅದನ್ನು ಅವರು ಕಲಿಸಿದ ಬಗೆ ನನಗೆ ಬಹಳ ಹಿಡಿಸಿತು. ಕುಳಿಯ ಹಿಂದೆ ಒಂದೂವರೆ ಅಡಿ ದೂರದಲ್ಲಿ ಒಂದು ಕ್ಲಬ್ಬನ್ನು ಅಡ್ಡ ಮಲಗಿಸಿದರು. ಐದು ಹೆಜ್ಜೆ, ಹತ್ತು ಹೆಜ್ಜೆ, ಹದಿನೈದು ಹೆಜ್ಜೆ ದೂರಗಳಿಂದ ಪಟ್ ಮಾಡಬೇಕು. ಕುಳಿಗೆ ಬೀಳದಿದ್ದರೂ ಚಿಂತೆಯಿಲ್ಲ. ಚೆಂಡು ಕುಳಿಯನ್ನು ದಾಟಬೇಕು, ಮಲಗಿಸಿದ ಕ್ಲಬ್ಬಿಗೆ ಮಾತ್ರ ತಾಗಬಾರದು. ಕುಳಿ ತಲುಪದೆ ನಿಂತ ಚೆಂಡು ಯಾವ ಪವಾಡದಿಂದಲೂ ಬೀಳದು. ತೀರ ಜೋರಾಗಿ ಬಂದದ್ದು ಅಂಚು ಸವರಿಕೊಂಡು ಹಾರಿ ಹೋಗುತ್ತದೆ. ಕುಳಿಯಾಚೆ ಒಂದೂವರೆ ಅಡಿಯೊಳಗೆ ನಿಲ್ಲುವ ವೇಗ ಬಂದರೆ ದಿಕ್ಕು ತುಸು ಹೆಚ್ಚುಕಮ್ಮಿಯಾದರೂ ಕುಳಿ ಚೆಂಡನ್ನು ಒಳಗೆಳೆದುಕೊಳ್ಳುತ್ತದೆ. ಆ ಶಾಲೆಯ ಹುಡುಗಿ ಬಗ್ಗಿ ಕುಳಿತು, ಪಟರನ್ನು ಪಕ್ಕಕ್ಕಿಟ್ಟು, ಮೊದಲು ಬರಿಗೈಯಲ್ಲಿ ಚೆಂಡು ಉರುಳಿಸಿ ನೋಡಿದಳು. ಕೋಚ್ ಎಲ್ಲರನ್ನೂ ಕರೆದು ‘ನೋಡಿ, ಈ ಪಾಪು ಮಾಡ್ತಿರೋದೇ ಸರಿ. ಕೈಗೆ ಗೊತ್ತಾಗ್ಬೇಕು, ತಲೆಗಲ್ಲ’ ಎಂದರು. ಆಮೇಲೆ ನಾವೆಲ್ಲ ಹಾಗೆಯೇ ಬರಿಗೈಯಲ್ಲಿ ಉರುಳಿಸಿದೆವು. ನೆಲ ಎತ್ತ ವಾಲಿದೆ ಎಂಬುದು ಅಂಗೈಗೆ ತಿಳಿಯತೊಡಗಿದ ಮೇಲೆ ಪಟರ್ ಹಿಡಿದಾಗಿನ ಬಿಗಿ ತಾನಾಗಿ ಸಡಿಲವಾಯಿತು.

ಪಟ್ಟಿಂಗ್‌ನ ಮಹತ್ವಕ್ಕೆ ಬೇರೆಲ್ಲೋ ಉದಾಹರಣೆ ಹುಡುಕಬೇಕಿಲ್ಲ, ಬೆಂಗಳೂರಿನ ಹುಡುಗಿಯೇ ಇದ್ದಾಳೆ. 2021ರ ಆಗಸ್ಟ್ 7ರ ಬೆಳಗ್ಗೆ ಗಾಲ್ಫ್ ಎಂದರೇನೆಂದೇ ತಿಳಿಯದ ಎಷ್ಟೋ ಮನೆಗಳಲ್ಲಿ ಜನ ಟಿ.ವಿ. ಮುಂದೆ ಕುಳಿತು ಬರ್ಡಿ ಎಂದರೇನು, ಬೋಗಿ ಎಂದರೇನು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಜಪಾನಿನ ಕಸುಮಿಗಾಸೆಕಿ ಕೋರ್ಸಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್‌ನ ಕೊನೆಯ ಸುತ್ತು ನಡೆದಿತ್ತು. ವಿಶ್ವ ಕ್ರಮಾಂಕದಲ್ಲಿ 200ನೇ ಸ್ಥಾನದಲ್ಲಿದ್ದ ಅದಿತಿ ಅಶೋಕ್ ಪದಕದ ಸರದಿಯಲ್ಲಿದ್ದರು. ಮುಗಿದಾಗ ಅವರ ಲೆಕ್ಕ ಪಾರ್‌ಗಿಂತ 15 ಕಡಿಮೆ, ಸ್ಥಾನ ನಾಲ್ಕು. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಅವರದು 17. ಬೆಳ್ಳಿ, ಕಂಚು ಹಂಚಿಕೊಂಡ ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಅವರದು 16. ಒಂದೇ ಒಂದು ಹೊಡೆತದ ಅಂತರ.

ಆ ವಾರ ಅದಿತಿ ಆಡಿದ ರೀತಿಯನ್ನು ಪ್ರತಿಯೊಬ್ಬ ಹೊಸ ಕಲಿಕೆಗಾರರೂ ನೋಡಬೇಕು. ಅದಕ್ಕೂ ಕೆಲವು ವಾರಗಳ ಹಿಂದೆ ಅವರಿಗೆ ಕೋವಿಡ್ ಬಂದು ಹೋಗಿತ್ತು, ಮೈಯಲ್ಲಿ ಮೊದಲಿನ ಕಸುವು ಇರಲಿಲ್ಲ. ದೂರ ಹೊಡೆಯುವವರ ಪಟ್ಟಿಯಲ್ಲಿ ಅವರು ತಳದಲ್ಲಿದ್ದರು. ಬೇರೆಯವರು ಐರನ್ ಎಂಬ ಚಿಕ್ಕ ಕ್ಲಬ್ ತೆಗೆದುಕೊಳ್ಳುವ ಕಡೆ ಇವರಿಗೆ ಉದ್ದದ ಕ್ಲಬ್ ಬೇಕಾಗುತ್ತಿತ್ತು. ಆದರೆ ಗ್ರೀನ್ ತಲುಪಿದ ಮೇಲೆ ಆ ಮೈದಾನದಲ್ಲಿ ಅವರಿಗೆ ಸಾಟಿಯಿರಲಿಲ್ಲ. ಬೇರೆಯವರು ಎರಡರಲ್ಲಿ ಮುಗಿಸುವುದನ್ನು ಇವರು ಒಂದರಲ್ಲಿ ಮುಗಿಸುತ್ತಿದ್ದರು. ನಾಲ್ಕು ದಿನ ಜಗತ್ತಿನ ಅತ್ಯುತ್ತಮರ ನಡುವೆ ಅವರನ್ನು ನಿಲ್ಲಿಸಿದ್ದು ಆ ಪಟರ್.

ಅದಿತಿ ಆಟಕ್ಕೆ ಬಂದ ಕಥೆ ಅವರೇ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿರುವುದು. ಐದು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ತಿಂಡಿ ತಿನ್ನಲು ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಡ್ರೈವಿಂಗ್ ರೇಂಜ್ ಕಾಣುತ್ತಿತ್ತು. ಒಂದು ದಿನ ಕುತೂಹಲದಿಂದ ಮೂವರೂ ಅಲ್ಲಿಗೆ ಹೋದರು. ಮನೆಯಲ್ಲಿ ಯಾರಿಗೂ ಗಾಲ್ಫ್ ಗೊತ್ತಿರಲಿಲ್ಲ. ಮುಂದೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಪ್ಪ ಕ್ಯಾಡಿಯಾಗಿ ಚೀಲ ಹೊತ್ತರು, ಟೋಕಿಯೊದಲ್ಲಿ ಅಮ್ಮ ಹೊತ್ತರು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಿತಿ ಬೆಳ್ಳಿ ಗೆದ್ದರು. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಪದಕ ಅದು. ಮಗಳ ಜೊತೆಯಲ್ಲೇ ಅಪ್ಪ ಅಮ್ಮನೂ ಹೊಸಬರಾಗಿ ಈ ಆಟಕ್ಕೆ ಬಂದವರು ಎಂಬುದನ್ನು ನಾನು ಆಗಾಗ ನೆನೆಯುತ್ತೇನೆ.

ಪಟ್ಟಿಂಗ್ ಒಂದು ಮಟ್ಟಕ್ಕೆ ಬಂದ ಮೇಲೆ ಕುಳಿಯಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುವುದು ಕಲಿಕೆಯ ಮುಂದಿನ ದಾರಿ. ಮೊದಲು ಗ್ರೀನಿನ ಅಂಚಿನಿಂದ ಚಿಪ್. ಚೆಂಡು ಸ್ವಲ್ಪ ದೂರ ಹಾರಿ, ಉಳಿದ ದಾರಿಯನ್ನು ಉರುಳಿಕೊಂಡು ಹೋಗುತ್ತದೆ. ಆಮೇಲೆ ಮೂವತ್ತು ನಲವತ್ತು ಗಜದಿಂದ ವೆಡ್ಜ್ ಎಂಬ ಕ್ಲಬ್ ಹಿಡಿದು ಪಿಚ್ ಎಂಬ ಎತ್ತರದ ಹೊಡೆತ. ಅದಾದ ಮೇಲೆ ಏಳನೇ ನಂಬರಿನ ಐರನ್‌ನಲ್ಲಿ ಅರ್ಧ ಸ್ವಿಂಗ್, ಆ ಮೇಲೆ ಪೂರ್ತಿ ಸ್ವಿಂಗ್. ಡ್ರೈವರ್ ಎಲ್ಲಕ್ಕಿಂತ ಕೊನೆಗೆ.

ಐರನ್ ಕೈಗೆ ಬಂದಾಗ ಹೊಸಬರ ಮುಂದೆ ಒಂದು ವಿಚಿತ್ರ ಬಂದು ನಿಲ್ಲುತ್ತದೆ. ಚೆಂಡು ನೆಲದ ಮೇಲಿದೆ, ಮೇಲಕ್ಕೆ ಹೋಗಬೇಕು. ಹಾಗಾಗಿ ಮೈ ತಾನಾಗಿ ಅದನ್ನು ಮೇಲಕ್ಕೆತ್ತಲು ಹೋಗುತ್ತದೆ. ಬಲಗಾಲಿನ ಮೇಲೆ ಭಾರ ಬಿಟ್ಟು, ಎದೆಯನ್ನು ಹಿಂದಕ್ಕೆ ವಾಲಿಸಿ, ಮೊಣಕೈ ಮಡಚಿ, ಚೆಂಡಿನ ಕೆಳಗೆ ಕ್ಲಬ್ ತೂರಿಸಿ ಎತ್ತುವ ಪ್ರಯತ್ನ ಅದು. ಆಗ ಕ್ಲಬ್ ಚೆಂಡಿಗಿಂತ ಮೊದಲೇ ನೆಲಕ್ಕೆ ಬಡಿಯುತ್ತದೆ. ಇಲ್ಲವೇ ಚೆಂಡಿನ ನೆತ್ತಿಗೆ ತಾಗಿ, ಅದು ಹುಲ್ಲು ಸವರಿಕೊಂಡು ಓಡುತ್ತದೆ. ರೇಂಜಿನಲ್ಲಿ ನಮ್ಮ ಸಾಲಿನ ಯಾವ ಮ್ಯಾಟಿನ ಮುಂದೆ ನೋಡಿದರೂ ಇದೇ ನಡೆದಿತ್ತು. ಕೋಚ್ ಬಂದು ಚೆಂಡಿನ ಮುಂದೆ, ಗುರಿಯ ಕಡೆಗೆ ಒಂದು ಗೇಣು ದೂರದಲ್ಲಿ, ಚೆಂಡು ಇಡಲು ಬಳಸುವ ಮೊಳೆಯಂಥ ಒಂದು ಮುರಿದ ಟೀ ಇಟ್ಟರು. ‘ಬಾಲನ್ನ ಎತ್ತೋಕೆ ಹೋಗ್ಬೇಡಿ ಸಾರ್. ಎತ್ತೋದು ಕ್ಲಬ್ಬಿನ ಕೆಲ್ಸ. ನೀವು ಬಾಲನ್ನ ಮರೆತುಬಿಡಿ, ಆ ಟೀ ಮೇಲಿಂದ ಕ್ಲಬ್ ಹೋಗ್ಲಿ’ ಎಂದರು.

ಇದರ ಒಳಗುಟ್ಟು ಕ್ಲಬ್ಬಿನ ಮುಖದಲ್ಲಿದೆ. ಏಳನೇ ಐರನ್ನಿನ ಮುಖ ನೇರ ನಿಂತಿರುವುದಿಲ್ಲ, ಸುಮಾರು ಮೂವತ್ತು ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಪಿಚಿಂಗ್ ವೆಡ್ಜ್‌ನದು ಸುಮಾರು ನಲವತ್ತೈದು ಡಿಗ್ರಿ, ಮರಳಿನ ಹೊಂಡವಾದ ಬಂಕರಿನಲ್ಲಿ ಬಳಸುವ ಸ್ಯಾಂಡ್ ವೆಡ್ಜ್‌ನದು ಐವತ್ತಾರರ ಆಸುಪಾಸು. ಕ್ಲಬ್ಬಿನ ತಲೆ ಕೆಳಮುಖವಾಗಿ ಇಳಿಯುತ್ತ ಚೆಂಡಿಗೆ ತಾಗಿದಾಗ ಆ ವಾಲುವಿಕೆಯೇ ಚೆಂಡನ್ನು ಮೇಲಕ್ಕೆ ಕಳಿಸುತ್ತದೆ, ಜೊತೆಗೆ ಅದಕ್ಕೆ ಹಿಮ್ಮುಖ ತಿರುಗುವಿಕೆಯನ್ನೂ ಕೊಡುತ್ತದೆ. ಚೆಂಡಿನ ಮೈಮೇಲಿನ ಮುನ್ನೂರಕ್ಕೂ ಹೆಚ್ಚು ಸಣ್ಣ ತಗ್ಗುಗಳು ಗಾಳಿಯನ್ನು ಮೈಗೆ ಅಂಟಿಸಿಕೊಂಡು ಹಿಂದಿನ ಎಳೆತವನ್ನು ತಗ್ಗಿಸುತ್ತವೆ. ತಿರುಗುವಿಕೆ ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ. ನುಣುಪಾದ ಚೆಂಡಾಗಿದ್ದರೆ ಇದರ ಅರ್ಧ ದೂರ ಹೋಗುವುದೂ ಕಷ್ಟವಿತ್ತು. ಕ್ಲಬ್ ಚೆಂಡು ಎರಡೂ ಒಂದಕ್ಕೊಂದು ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಹೊತ್ತು ಮಾತ್ರ. ಅಷ್ಟರಲ್ಲಿ ಕೈಯಿಂದ ಏನನ್ನೂ ತಿದ್ದಲಾಗದು. ತಿದ್ದುವುದಿದ್ದರೆ ಅದು ನಿಲ್ಲುವ ಭಂಗಿಯಲ್ಲಿ, ಹಿಡಿತದಲ್ಲಿ, ಸ್ವಿಂಗಿನ ಆರಂಭದಲ್ಲಿ ಆಗಬೇಕು.

ಈ ಮಾತು ನಂಬಿಕೆಗೆ ಬರುವುದು ಮಾತ್ರ ಮೈಗೆ ಬಂದಾಗಲೇ. ಬ್ಯಾಂಕಿನ ಹಿರಿಯರು ಒಂದು ಬೆಳಗ್ಗೆ ಟೀ ಕಡೆಗೇ ಕಣ್ಣಿಟ್ಟು, ಎಡಗಾಲಿನ ಮೇಲೆ ಭಾರ ತಂದು, ಮೆತ್ತಗೆ ಬೀಸಿದರು. ಬೇರೆಯದೇ ಸದ್ದು ಬಂತು. ಟಪ್ ಎಂಬ ಒಡೆದ ಸದ್ದಿನ ಬದಲು ಗಟ್ಟಿಯಾದ ಒಂದು ಕ್ಲಿಕ್. ಚೆಂಡು ತಗ್ಗಾಗಿ ಹೊರಟು, ದಾರಿಯಲ್ಲಿ ಏರಿ, ನೂರು ಗಜದ ಬೋರ್ಡಿನ ಆಚೆಗೆ ಇಳಿಯಿತು. ಅವರು ಕ್ಲಬ್ ಹಿಡಿದ ಕೈಯನ್ನು ಕೆಳಗಿಳಿಸದೆ ಬಹಳ ಹೊತ್ತು ಹಾಗೆಯೇ ನಿಂತಿದ್ದರು. ಆ ಹೊಡೆತದಲ್ಲಿ ಅವರು ಹಾಕಿದ ಬಲ ಅವರ ಉಳಿದ ಹೊಡೆತಗಳದಕ್ಕಿಂತ ಕಡಿಮೆ ಎಂಬುದನ್ನು ನಾವೆಲ್ಲ ನೋಡಿದ್ದೆವು.

ಗ್ರಿಪ್ ವಿಷಯಕ್ಕೆ ಬಂದರೆ, ಕ್ರಿಕೆಟ್ ಆಡಿ ಬೆಳೆದ ನಮ್ಮವರಿಗೆ ಅದು ಒಂದಷ್ಟು ಕಾಟ ಕೊಡುತ್ತದೆ. ಬ್ಯಾಟಿನಲ್ಲಿ ಎರಡೂ ಕೈ ಬೇರೆ ಬೇರೆ ನಿಂತು, ದೊಡ್ಡ ಹೊಡೆತಕ್ಕೆ ಕೆಳಗಿನ ಕೈ ಜೋರು ಮಾಡುತ್ತದೆ. ಗಾಲ್ಫ್‌ನಲ್ಲಿ ಎರಡೂ ಕೈ ಒಂದರೊಳಗೊಂದು ಸೇರಿ ಒಂದೇ ಆಗಬೇಕು. ಬಲಗೈಯ ಕಿರುಬೆರಳು ಎಡಗೈ ಬೆರಳುಗಳ ಮೇಲೆ ಕೂರುವುದು ಒಂದು ಬಗೆ, ಆ ಕಿರುಬೆರಳು ಎಡಗೈಯ ಬೆರಳಿನ ಜೊತೆ ಹೆಣೆದುಕೊಳ್ಳುವುದು ಇನ್ನೊಂದು ಬಗೆ. ಬ್ಯಾಟ್ಸ್‌ಮನ್ ಚೆಂಡಿನತ್ತ ಕಾಲು ಮುಂದಿಟ್ಟು ಹೊಡೆಯುತ್ತಾನೆ. ಇಲ್ಲಿ ಪಾದ ಕದಲುವುದಿಲ್ಲ, ಬೆನ್ನೆಲುಬಿನ ಸುತ್ತ ಮೈ ತಿರುಗುತ್ತದೆ. ಚೆಂಡು ಬಲಕ್ಕೆ ಬಾಗಿ ಬಾಗಿ ಹೋಗುವ ಸ್ಲೈಸ್ ಹೊಸಬರಲ್ಲಿ ಹೆಚ್ಚಿನವರ ಗೋಳು. ಬಹಳ ಸಲ ಅದರ ಮೂಲ ಎಡಗೈಯ ಹಿಡಿತದಲ್ಲೇ ಇರುತ್ತದೆ. ಕೆಳಗೆ ನೋಡಿದಾಗ ಎಡಗೈಯ ಎರಡು ಅಥವಾ ಮೂರು ಗೆಣ್ಣುಗಳು ಕಾಣುವಂತೆ ಹಿಡಿದರೆ ಕ್ಲಬ್ಬಿನ ಮುಖ ತೆರೆದುಕೊಳ್ಳುವುದು ಕಡಿಮೆಯಾಗುತ್ತದೆ. ಮನೆಯಲ್ಲಿ ಟಿ.ವಿ. ನೋಡುತ್ತ ಕುಳಿತಾಗಲೂ ಇದನ್ನು ಅಭ್ಯಾಸ ಮಾಡಬಹುದು, ಖರ್ಚಿಲ್ಲ.

ಖರ್ಚಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿಯಮದ ಪ್ರಕಾರ ಚೀಲದಲ್ಲಿ 14 ಕ್ಲಬ್ ಇಟ್ಟುಕೊಳ್ಳಬಹುದು, ಇಟ್ಟುಕೊಳ್ಳಲೇಬೇಕು ಎಂದೇನಿಲ್ಲ. ಹೊಸಬರಿಗೆ ಒಂದು ಪಟರ್, ಒಂದು ವೆಡ್ಜ್, ಏಳು ಮತ್ತು ಒಂಬತ್ತನೇ ಐರನ್ ಬೇಕಾದಷ್ಟಾಯಿತು. ಬಳಸಿದ ಕ್ಲಬ್‌ಗಳು ಹೊಸದರ ಬೆಲೆಯ ಒಂದು ಭಾಗಕ್ಕೆ ಸಿಗುತ್ತವೆ. ರೇಂಜುಗಳಲ್ಲಿ ಮೊದಲ ದಿನಗಳಿಗೆ ಬಾಡಿಗೆಗೂ ಕೊಡುತ್ತಾರೆ. ಒಂದು ಬಕೆಟ್ ಚೆಂಡಿಗೆ ಕೆಲವು ನೂರು ರೂಪಾಯಿ. ದುಬಾರಿಯಾಗುವುದು ಕ್ಲಬ್ಬಿನ ಸದಸ್ಯತ್ವ. ಅದು ಲಕ್ಷಗಳ ಮಾತು, ಹಣವಿದ್ದರೂ ವರ್ಷಗಟ್ಟಲೆ ಕಾಯಬೇಕು. ಕಲಿಯುವವರಿಗೆ ಸದಸ್ಯತ್ವ ಬೇಕಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಗೇಟಿನ ಹೊರಗಿನಿಂದಲೇ ‘ಇದು ನಮ್ಮಂಥವರಿಗಲ್ಲ’ ಎಂದು ಹೊರಟುಹೋಗುತ್ತಾರೆ.

ಹಾಗೆ ಅನ್ನಿಸಲು ಕಾರಣವೂ ಇದೆ. ಈ ಆಟ ನಮ್ಮಲ್ಲಿಗೆ ಬಂದದ್ದೇ ಆಳುವವರ ಜೊತೆ. ಬ್ರಿಟನ್ನಿನ ಆಚೆ ಈಗಲೂ ಉಳಿದಿರುವ ಅತಿ ಹಳೆಯ ಗಾಲ್ಫ್ ಕ್ಲಬ್ ಕೋಲ್ಕತ್ತದಲ್ಲಿದೆ, ಅದು 1829ರದು. ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಕೋಲಾರದ ಚಿನ್ನದ ಗಣಿಯಲ್ಲಿ ಕಂಪನಿಯ ಸಾಹೇಬರು ತಮಗಾಗಿ ಮೈದಾನ ಮಾಡಿಕೊಂಡರು. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಕಾಫಿ ತೋಟದವರ ನಡುವೆ ಆಟ ಬೇರೂರಿತು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸಿನ ಒಳಗೆ ಜಯಚಾಮರಾಜ ಒಡೆಯರ್ ಹೆಸರಿನ ಗಾಲ್ಫ್ ಕ್ಲಬ್ಬಿದೆ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಕೋರ್ಸ್ ಎದ್ದದ್ದು ಸ್ವಾತಂತ್ರ್ಯ ಬಂದು ದಶಕಗಳಾದ ಮೇಲೆ. ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಅದರ ವಿನ್ಯಾಸಕಾರ. ಒಂದು ಪೂರ್ಣ ಕೋರ್ಸಿಗೆ ನೂರು ನೂರೈವತ್ತು ಎಕರೆ ಬೇಕಾಗುತ್ತದೆ. ಆಟವಾಡಲು ಮಕ್ಕಳಿಗೆ ಬಯಲಿಲ್ಲದ ಊರಿನಲ್ಲಿ, ಕೆರೆಗಳು ಒಂದೊಂದಾಗಿ ಮಾಯವಾದ ಊರಿನಲ್ಲಿ ಅಷ್ಟು ನೆಲವನ್ನು ಕೆಲವರಷ್ಟೇ ಬಳಸುವುದು ಸರಿಯೇ ಎಂಬ ಪ್ರಶ್ನೆಗೆ ಗಾಲ್ಫ್ ಪ್ರೀತಿಸುವವರು ಉತ್ತರ ಕೊಡಲೇಬೇಕು. ಆ ಪ್ರಶ್ನೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಆದರೆ ಆ ಗೇಟಿನ ಒಳಗೆ ಇನ್ನೊಂದು ಗಾಲ್ಫ್ ಬೆಳೆದಿದೆ. ಅದು ಕನ್ನಡ, ತಮಿಳು, ತೆಲುಗು ಮಾತನಾಡುವ ಕ್ಯಾಡಿಗಳದು. ಬೆಳಗ್ಗೆ ಐದೂವರೆಗೆ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಬಂದು ಸರದಿಗೆ ಕಾಯುವ ಈ ಜನಕ್ಕೆ ಕೋರ್ಸಿನ ಪ್ರತಿಯೊಂದು ಇಳಿಜಾರೂ ಗೊತ್ತು. ಯಾವ ಗ್ರೀನಿನಲ್ಲಿ ಚೆಂಡು ಕಣ್ಣಿಗೆ ಎಡಕ್ಕೆ ಕಂಡರೂ ಬಲಕ್ಕೆ ತಿರುಗುತ್ತದೆ, ಮಳೆ ಬಂದ ಮರುದಿನ ಯಾವ ಬಂಕರಿನ ಮರಳು ಗಟ್ಟಿಯಾಗಿರುತ್ತದೆ, ಎಲ್ಲವೂ ಬಾಯಿಪಾಠ. ಬೆಂಗಳೂರಿನ ಸಿ. ಮುನಿಯಪ್ಪ ಇಂಥ ಕ್ಯಾಡಿಗಳ ನಡುವಿನಿಂದಲೇ ಎದ್ದು ಬಂದವರು. 2009ರಲ್ಲಿ ಗುರುಗ್ರಾಮದಲ್ಲಿ ನಡೆದ ಇಂಡಿಯನ್ ಓಪನ್‌ನಲ್ಲಿ ಕೊರಿಯಾದ ಆಟಗಾರನನ್ನು ಪ್ಲೇ–ಆಫ್‌ನಲ್ಲಿ ಸೋಲಿಸಿ ಪ್ರಶಸ್ತಿ ಎತ್ತಿಕೊಂಡರು. ಹಿಂದೊಮ್ಮೆ ಬೇರೆಯವರ ಚೀಲ ಹೊತ್ತಿದ್ದ ಹೆಗಲು ಅದು. ಬಿಡದಿ ಬಳಿಯ ಈಗಲ್ಟನ್ ಗಾಲ್ಫ್ ರೆಸಾರ್ಟಿನ ಪಕ್ಕದ ಹಳ್ಳಿಯ ಚಿಕ್ಕರಂಗಪ್ಪ ಆ ಕೋರ್ಸಿನಲ್ಲೇ ಆಟ ಹಿಡಿದು, 2012ರಲ್ಲಿ ವೃತ್ತಿಪರರಾಗಿ, ದೇಶದ ವೃತ್ತಿಪರ ಟೂರ್‌ನಲ್ಲಿ ಹಲವು ಪ್ರಶಸ್ತಿಗಳನ್ನು ಗೆದ್ದರು. ಕ್ರಿಕೆಟಿನಲ್ಲಿ ಇಂಥ ಸಾಧನೆ ಮಾಡಿದ್ದರೆ ಇವರ ಹೆಸರು ಊರೂರಿನ ಮಕ್ಕಳಿಗೆ ಗೊತ್ತಿರುತ್ತಿತ್ತು. ಗೊತ್ತಿರಬೇಕಿತ್ತು ಎಂಬುದು ನನ್ನ ಕೊರಗು.

ಕೋರ್ಸಿನ ಮೇಲೆ ಮೊದಲ ಸಲ ಕಾಲಿಡುವ ಹೊಸಬರಿಗೆ ಕ್ಯಾಡಿಯಷ್ಟು ಒಳ್ಳೆಯ ಗುರು ಇನ್ನೊಬ್ಬರಿಲ್ಲ. ಅವರಿಂದ ದೂರ ಅಳೆಸಿಕೊಳ್ಳುವುದಕ್ಕಷ್ಟೇ ನಿಲ್ಲದೆ, ಏಕೆ ಈ ಕ್ಲಬ್, ಏಕೆ ಈ ದಿಕ್ಕು ಎಂದು ಕೇಳಿ. ಕೇಳಿದರೆ ಮನಬಿಚ್ಚಿ ಹೇಳುತ್ತಾರೆ. ನಮ್ಮ ಕೋಚ್ ಮೊದಲ ಬಾರಿ ನಮ್ಮನ್ನು ಕೋರ್ಸಿಗೆ ಕರೆದೊಯ್ದಾಗ ಹೊಡೆತಕ್ಕಿಂತ ನಡವಳಿಕೆಯನ್ನೇ ಹೆಚ್ಚು ಕಲಿಸಿದರು. ಗ್ರೀನಿನ ಮೇಲೆ ಎತ್ತರದಿಂದ ಬಿದ್ದ ಚೆಂಡು ಹುಲ್ಲಿನಲ್ಲಿ ಸಣ್ಣ ತಗ್ಗು ಮಾಡುತ್ತದೆ. ಅದನ್ನು ಸರಿಪಡಿಸಲು ಕವೆಯಂತೆ ಎರಡು ಹಲ್ಲಿರುವ ಸಲಕರಣೆಯೊಂದು ಪ್ರತಿಯೊಬ್ಬರ ಜೇಬಿನಲ್ಲೂ ಇರಬೇಕು. ಅವರು ಮಂಡಿಯೂರಿ ತೋರಿಸಿದರು. ತಗ್ಗಿನ ಹೊರ ಅಂಚಿಗೆ ಹಲ್ಲು ಚುಚ್ಚಿ, ಸುತ್ತಲಿನ ಹುಲ್ಲನ್ನು ನಾಲ್ಕೂ ಕಡೆಯಿಂದ ನಡುವಿಗೆ ತಳ್ಳಿ, ಕೊನೆಗೆ ಪಟರಿನ ತಳದಿಂದ ಮೆಲ್ಲಗೆ ತಟ್ಟಿದರು. ‘ಕೆಳಗಿಂದ ಮೀಟಬಾರದು, ಬೇರು ಹರಿದುಹೋಗತ್ತೆ. ಹರಿದ್ರೆ ಅಲ್ಲಿ ಹುಲ್ಲು ಬರೋಕೆ ವಾರಗಟ್ಟಲೆ ಬೇಕು’ ಎಂದರು. ಎದ್ದಾಗ ಆ ತಗ್ಗು ಎಲ್ಲಿತ್ತೆಂದು ನಮಗೆ ಗುರುತಿಸಲಾಗಲಿಲ್ಲ. ಆಮೇಲೆ ತಮ್ಮದಲ್ಲದ ಇನ್ನೂ ಎರಡು ತಗ್ಗುಗಳನ್ನು ಹುಡುಕಿ ಸರಿಮಾಡಿದರು.

ಉಳಿದ ನಿಯಮಗಳನ್ನು ಹೊಸಬರು ಆಡುತ್ತಾ ಆಡುತ್ತಾ ಕಲಿಯಬಹುದು. ಬಂಕರಿನಿಂದ ಹೊರಬರುವಾಗ ಹೆಜ್ಜೆ ಗುರುತುಗಳನ್ನು ಕುಂಟೆಯಿಂದ ಎಳೆದು ಸಮ ಮಾಡಬೇಕು. ಚೆಂಡು ಜನರತ್ತ ಹೋದರೆ ನಾಚಿಕೆ ಬಿಟ್ಟು ‘ಫೋರ್’ ಎಂದು ಕೂಗಬೇಕು, ಅದು ಪ್ರಾಣದ ಪ್ರಶ್ನೆ. ಕಳೆದ ಚೆಂಡನ್ನು ಹುಡುಕಲು ಮೂರು ನಿಮಿಷ ಮಾತ್ರ, ಹಿಂದೆ ಬರುವವರು ಕಾಯುತ್ತಿರುತ್ತಾರೆ. ಸ್ಕೋರ್‌ ಬಗ್ಗೆ ಅಂಜಿಕೆ ಬೇಡ. 2020ರಿಂದ ಜಗತ್ತಿಗೆಲ್ಲ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಬಂದಿದೆ. ಗಂಡಸರಿಗೂ ಹೆಂಗಸರಿಗೂ ಗರಿಷ್ಠ ಹ್ಯಾಂಡಿಕ್ಯಾಪ್ 54. ಎಂದರೆ ಹೆಚ್ಚೂಕಡಿಮೆ ಪ್ರತಿ ಹೋಲಿಗೂ ಪಾರ್‌ಗಿಂತ ಮೂರು ಹೊಡೆತ ಹೆಚ್ಚಿಗೆ ಹೊಸಬರಿಗೆ ಸಲ್ಲುತ್ತದೆ. ಹಾಗಾಗಿ ಅರವತ್ತರ ಅಜ್ಜಿ ಹತ್ತು ವರ್ಷದ ಮೊಮ್ಮಗನ ಜೊತೆ ಸರಿಸಮನಾಗಿ ಪೈಪೋಟಿ ಮಾಡಬಲ್ಲ ಆಟ ಇದು. ವಾರಾಂತ್ಯದ ಆಟದಲ್ಲಿ ರೆಫರಿಯೂ ಇರುವುದಿಲ್ಲ. ಪೊದೆಯ ಹಿಂದೆ ಯಾರೂ ನೋಡದಾಗ ಎಷ್ಟು ಸಲ ಬೀಸಿದಿರಿ ಎಂಬುದನ್ನು ನೀವೇ ಹೇಳಬೇಕು. ಮಕ್ಕಳನ್ನು ಈ ಆಟಕ್ಕೆ ಕಳಿಸಲು ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣುತ್ತಿಲ್ಲ.

ಈಗ ನೆಲದ ಪ್ರಶ್ನೆಗೆ ಮರಳುತ್ತೇನೆ. ಪಾರ್ ಲೆಕ್ಕದ ಅರ್ಧ ನಡೆಯುವುದು ಪಟ್ಟಿಂಗ್ ಗ್ರೀನಿನ ಮೇಲೆ ಎಂದಾದರೆ, ಅರ್ಧ ಗಾಲ್ಫ್ ಕಲಿಯಲು ನೂರು ಎಕರೆ ಬೇಕಿಲ್ಲ. ಒಂದು ಬ್ಯಾಡ್ಮಿಂಟನ್ ಕೋರ್ಟಿನಷ್ಟು ಜಾಗ ಸಾಕು. ಕೃತಕ ಹುಲ್ಲು ಹಾಸಿದರೆ ನೀರೂ ಬೇಡ, ದಿನಾ ಕತ್ತರಿಸುವ ಯಂತ್ರವೂ ಬೇಡ. ನಾಲ್ಕಾರು ಕುಳಿ, ಹತ್ತು ಹಳೆಯ ಪಟರ್, ಒಂದು ಬುಟ್ಟಿ ಚೆಂಡು ಇದ್ದರೆ ಒಂದು ಶಾಲೆಯ ಮಕ್ಕಳೆಲ್ಲ ಆಡಬಹುದು. ಜಿಲ್ಲಾ ಕೇಂದ್ರಗಳಲ್ಲಿ ಕ್ರೀಡಾಂಗಣಗಳಿವೆ, ಅವುಗಳ ಮೂಲೆಯಲ್ಲಿ ಬಳಕೆಯಾಗದ ಜಾಗ ಸಿಕ್ಕೀತು. ಕಲಿಸಲು ಜನರಿಲ್ಲ ಎನ್ನುವಂತಿಲ್ಲ, ಇಪ್ಪತ್ತು ಮೂವತ್ತು ವರ್ಷ ಗ್ರೀನುಗಳನ್ನು ಓದಿದ ಕ್ಯಾಡಿಗಳು ನಮ್ಮ ನಡುವೆ ಇದ್ದಾರೆ. ಅವರಿಗೆ ಗೌರವದ ಸಂಬಳ ಕೊಟ್ಟು ಕೋಚ್‌ಗಳನ್ನಾಗಿ ನೇಮಿಸಿಕೊಳ್ಳಬಹುದು. ದೊಡ್ಡ ಕ್ಲಬ್ಬುಗಳು ತಮ್ಮ ಪಟ್ಟಿಂಗ್ ಗ್ರೀನನ್ನು ಆಟಗಾರರು ಕಡಿಮೆ ಇರುವ ವಾರದ ಮಧ್ಯಾಹ್ನಗಳಲ್ಲಿ ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ತೆರೆದಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ.

ಕ್ರೀಡಾ ಇಲಾಖೆಯವರೂ ಕ್ಲಬ್ಬುಗಳ ಪದಾಧಿಕಾರಿಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಓದುಗರಲ್ಲಿ ಯಾರಿಗಾದರೂ ಕಲಿಯುವ ಮನಸ್ಸಿದ್ದರೆ ಮುಂದಿನ ಭಾನುವಾರ ಬೆಳಗ್ಗೆ ಹತ್ತಿರದ ರೇಂಜಿಗೆ ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ, ಮೊದಲು ಪಟರ್ ಕೇಳಿ.